ಆರ್ಜವಧರ್ಮ ಮತ್ತು ವ್ಯವಹಾರದ ಗುಟ್ಟು

'ವ್ಯಾಪಾರಂ ದ್ರೋಹಚಿಂತನಂ' ಎಂಬ ಲೋಕೋಕ್ತಿಯನ್ನು ಅಂಗಡಿಯ ಗಾದಿಯ ಮೇಲೆ ಕುಳಿತವರೇ ನಗುತ್ತ ಹೇಳಿಕೊಳ್ಳುವುದುಂಟು. ದಶಲಕ್ಷಣ ಪರ್ವದ ಮೂರನೆಯ ದಿನ ಬಸದಿಯಲ್ಲಿ ಉತ್ತಮ ಆರ್ಜವದ ಪ್ರವಚನಕ್ಕೆ ತಲೆದೂಗಿದ ಶ್ರಾವಕನು ಮರುದಿನ ಅಂಗಡಿಯ ಬಾಗಿಲು ತೆರೆಯುತ್ತಲೇ 'ವ್ಯವಹಾರದ ಗುಟ್ಟು ವ್ಯವಹಾರದಲ್ಲೇ ಇರಬೇಕು' ಎಂಬ ಇನ್ನೊಂದು ಧರ್ಮಕ್ಕೆ ಶರಣಾಗುತ್ತಾನೆ. ಮನಸ್ಸು, ಮಾತು, ಕಾಯಗಳು ಒಂದೇ ನೇರದಲ್ಲಿರುವುದು ಆರ್ಜವ. ಬಸದಿಯ ಹೊಸ್ತಿಲೇ ಅದರ ಎಲ್ಲೆಯೆಂದು ಯಾವ ಆಚಾರ್ಯರು ವಿಧಿಸಿದ್ದಾರೆ?

ಗುಟ್ಟಿನ ಪಕ್ಷಪಾತಿಗಳು ಮುಂದಿಡುವ ವಾದಗಳು ಮೂರು. ದೋಷವನ್ನು ಹೇಳಿಕೊಂಡರೆ ಗಿರಾಕಿ ದೂರವಾಗುತ್ತಾನೆ. ನೌಕರನಿಗೆ ಬಾಯಿ ಕೊಟ್ಟರೆ ಶಿಸ್ತು ಕೆಡುತ್ತದೆ. ಎಲ್ಲವನ್ನೂ ಬಯಲಿಗಿಡುವುದು ಶಾಸ್ತ್ರಸಮ್ಮತವೂ ಅಲ್ಲ. ಇವುಗಳನ್ನು ಒಂದೊಂದಾಗಿ ಪರಿಶೀಲಿಸಬೇಕು.

ಮೊದಲನೆಯ ವಾದಕ್ಕೆ ಲೋಕಾನುಭವವೇ ಉತ್ತರ. 1982ರಲ್ಲಿ ಅಮೆರಿಕದ ಶಿಕಾಗೋ ಪ್ರಾಂತದಲ್ಲಿ ಟೈಲೆನಾಲ್ ಎಂಬ ನೋವಿನ ಔಷಧಿಯ ಕ್ಯಾಪ್ಸೂಲುಗಳಲ್ಲಿ ಯಾರೋ ದುಷ್ಟರು ಸಯನೈಡ್ ಬೆರೆಸಿದ್ದರಿಂದ ಏಳು ಜನ ಸತ್ತರು. ತಯಾರಕರಾದ ಜಾನ್ಸನ್ ಅಂಡ್ ಜಾನ್ಸನ್ ಸಂಸ್ಥೆಯವರು ವಕೀಲರ ಬೆನ್ನ ಹಿಂದೆ ಅಡಗಲಿಲ್ಲ. ಕ್ಯಾಪ್ಸೂಲುಗಳನ್ನು ಸೇವಿಸಬೇಡಿರೆಂದು ತಾವೇ ಸಾರಿದರು. ದೇಶದ ಅಂಗಡಿಗಳಿಂದ ಸುಮಾರು 3 ಕೋಟಿ 10 ಲಕ್ಷ ಬಾಟಲಿಗಳನ್ನು ಹಿಂದಕ್ಕೆ ಪಡೆದರು. 10 ಕೋಟಿ ಡಾಲರುಗಳಿಗೂ ಮಿಕ್ಕ ನಷ್ಟವನ್ನು ಹೊತ್ತರು. ಅಧ್ಯಕ್ಷ ಜೇಮ್ಸ್ ಬರ್ಕ್ ತಾವೇ ಜನರ ಮುಂದೆ ಬಂದು ಉತ್ತರ ಕೊಟ್ಟರು. ಆ ಔಷಧಿಯ ಹೆಸರು ಇನ್ನು ಮುಗಿಯಿತೆಂದು ಪ್ರಚಾರ ಪಂಡಿತರು ನುಡಿದಿದ್ದರು. ಆದರೆ ಕಳೆದುಹೋದ ಮಾರಾಟದ ಬಹುಪಾಲು ವರ್ಷದೊಳಗೇ ಮರಳಿತು. ಗಿರಾಕಿಯನ್ನು ಉಳಿಸಿದ್ದು ಗುಟ್ಟಲ್ಲ, ಬಿಚ್ಚುಮಾತು. ಆದರೂ ಒಮ್ಮೆಯ ಪುಣ್ಯ ಎಂದೆಂದಿಗೂ ಸಾಲದು. ಅದೇ ಸಂಸ್ಥೆಯ ಮೇಲೆ ಮುಂದೆ ಟಾಲ್ಕಂ ಪೌಡರಿನ ವಿಷಯದಲ್ಲಿ ಸಾವಿರಾರು ದಾವೆಗಳು ಹೂಡಲ್ಪಟ್ಟವು. ಪ್ರತಿಕ್ರಮಣವನ್ನು ಹಿರಿಯರು ನಿತ್ಯಕರ್ಮವೆಂದು ವಿಧಿಸಿದ್ದು ವೃಥಾ ಅಲ್ಲ.

ಎರಡನೆಯದು ನೌಕರನ ಬಾಯಿಯ ಮಾತು. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಮೇಲೇರಿದ 73 ಸೆಕೆಂಡುಗಳಲ್ಲಿ ಸಿಡಿದು ಏಳು ಯಾತ್ರಿಗಳು ಮಡಿದರು. ಅದರ ಹಿಂದಿನ ರಾತ್ರಿಯೇ, ರಾಕೆಟ್ ತಯಾರಿಸಿದ ಮಾರ್ಟನ್ ಥಯೋಕಾಲ್ ಕಂಪನಿಯ ಎಂಜಿನಿಯರುಗಳು ಚಳಿಯಲ್ಲಿ ರಬ್ಬರಿನ ಬಳೆಗಳು ಬಿಗುವಾಗಿ ಕೂಡುವುದಿಲ್ಲ, ಉಡಾವಣೆ ಬೇಡವೆಂದು ವಾದಿಸಿದ್ದರು. ಅವರಲ್ಲೊಬ್ಬರಾದ ರೋಜರ್ ಬೋಯ್ಸ್‌ಜಾಲಿ ಆರು ತಿಂಗಳ ಮುಂಚೆಯೇ ಲಿಖಿತ ಎಚ್ಚರಿಕೆಯನ್ನೂ ಕೊಟ್ಟಿದ್ದರು. ಯಜಮಾನರು ಅವರ ಮಾತನ್ನು ಬದಿಗೊತ್ತಿದರು. ಶಿಸ್ತು ಉಳಿಯಿತು, ಪ್ರಾಣಗಳು ಉಳಿಯಲಿಲ್ಲ. ಸೇವಕನ ಬಾಯಿಗೆ ಬೀಗ ಹಾಕುವುದನ್ನು ಅಹಿಂಸಾವ್ರತಿಗಳು ಕೇವಲ ಆಡಳಿತದ ಜಾಣ್ಮೆಯೆಂದು ಎಣಿಸಲಾಗದು. ಅದು ಹಿಂಸೆಗೆ ದಾರಿ ಮಾಡಿಕೊಡುವ ಪ್ರಮಾದ.

ಮೂರನೆಯ ವಾದದಲ್ಲಿ ಅರ್ಧ ಸತ್ಯವಿದೆ. ಆದುದರಿಂದಲೇ ಅದು ಹೆಚ್ಚು ಅಪಾಯಕರ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಸತ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸಿದ್ದಾರೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಪರರ ಏಕಾಂತವನ್ನು ಬಯಲು ಮಾಡುವುದೂ, ಇಂಗಿತದಿಂದ ತಿಳಿದ ಪರರ ಅಭಿಪ್ರಾಯವನ್ನು ಹೊರಗೆಡಹುವುದೂ ದೋಷವೇ ಸರಿ. ಗಿರಾಕಿಯ ಸಾಲ, ನೌಕರನ ಮನೆಯ ಕಷ್ಟ, ಪಾಲುದಾರನು ನಂಬಿ ಆಡಿದ ಮಾತು ಬೀದಿಗೆ ಬರಬಾರದು. ಆದರೆ ಇವೆಲ್ಲವೂ ಪರರ ಗುಟ್ಟುಗಳು. ತನ್ನ ತಪ್ಪನ್ನು ಮುಚ್ಚಿಡಲು ಈ ಸೂತ್ರದಲ್ಲಿ ಎಳ್ಳಷ್ಟೂ ಆಧಾರವಿಲ್ಲ. ಅದೇ ಪಟ್ಟಿಯಲ್ಲಿ ನಡುವೆ ನಿಂತಿರುವ ಕೂಟಲೇಖಕ್ರಿಯೆಯನ್ನು, ಎಂದರೆ ವಂಚಿಸುವುದಕ್ಕಾಗಿ ಒಬ್ಬರ ಮಾತನ್ನು ಇನ್ನೊಬ್ಬರದೆಂಬಂತೆ ಬರೆಯುವುದನ್ನು, ಗುಟ್ಟಿನ ಪಕ್ಷದವರು ಜಾಣತನದಿಂದ ಮರೆಯುತ್ತಾರೆ.

ಈ ಅತಿಚಾರ ಇಂದು ಬಿಚ್ಚುಮಾತಿನ ವೇಷದಲ್ಲೇ ಬರುತ್ತದೆ. ಅಮೆರಿಕದ ಹೋಲ್ ಫುಡ್ಸ್ ಎಂಬ ಆಹಾರ ಮಳಿಗೆಗಳ ಸಂಸ್ಥೆಯ ಮುಖ್ಯಸ್ಥ ಜಾನ್ ಮ್ಯಾಕಿ ಅನೇಕ ವರ್ಷಗಳ ಕಾಲ ಕಲ್ಪಿತ ಹೆಸರಿನಲ್ಲಿ ಸಾರ್ವಜನಿಕ ಚರ್ಚೆಗಳಲ್ಲಿ ಬರೆಯುತ್ತ, ತನ್ನ ಸಂಸ್ಥೆಯನ್ನು ಹೊಗಳಿ ಪ್ರತಿಸ್ಪರ್ಧಿಯನ್ನು ಹಳಿದ ಸಂಗತಿ 2007ರಲ್ಲಿ ಬಯಲಾಯಿತು. ಸರ್ಕಾರಿ ವಿಚಾರಣೆ ಕ್ರಮವಿಲ್ಲದೆ ಮುಗಿದಿರಬಹುದು. ಸೂತ್ರಕಾರರ ವಿಚಾರಣೆ ಅಷ್ಟು ಸುಲಭದಲ್ಲಿ ಮುಗಿಯದು. ಸಂಬಳದ ಬರಹಗಾರನು ಹೆಣೆದ ಪತ್ರಕ್ಕೆ ಓದದೆಯೇ ರುಜು ಹಾಕುವ ಯಜಮಾನನೂ ಇದಕ್ಕೆ ಬಹು ದೂರದವನಲ್ಲ.

ಹಾಗಾದರೆ ನಿಜವಾದ ಬಿಚ್ಚುಮಾತನ್ನು ಗುರುತಿಸುವುದೆಂತು? ಅದಕ್ಕೆ ಪರದೇಶದ ಆಡಳಿತಶಾಸ್ತ್ರವನ್ನು ಅರಸಬೇಕಾಗಿಲ್ಲ. ಕನ್ನಡದ ವಡ್ಡಾರಾಧನೆಯ ಕಥೆಗಳಿಗೆ ಮೂಲವೆನಿಸಿದ ಭಗವತೀ ಆರಾಧನೆಯಲ್ಲಿ 'ಆಲೋಚನೆ'ಯ, ಎಂದರೆ ಗುರುವಿನ ಮುಂದೆ ಮಾಡುವ ದೋಷನಿವೇದನೆಯ, ಹತ್ತು ದೋಷಗಳು ನಿರೂಪಿತವಾಗಿವೆ. ಅವುಗಳಲ್ಲಿ ಮೂರನ್ನು ಪ್ರತಿಯೊಬ್ಬ ವ್ಯವಹಾರಸ್ಥನೂ ಕಿರ್ದಿಯ ಮೊದಲ ಪುಟದಲ್ಲಿ ಬರೆದುಕೊಳ್ಳಬೇಕು. ಪರರ ಕಣ್ಣಿಗೆ ಬಿದ್ದುದನ್ನಷ್ಟೇ ಒಪ್ಪಿಕೊಳ್ಳುವುದು ದೃಷ್ಟದೋಷ. ಸಣ್ಣ ತಪ್ಪನ್ನು ಹೇಳಿ ದೊಡ್ಡದನ್ನು ಮುಚ್ಚುವುದು ಸೂಕ್ಷ್ಮದೋಷ. ಗದ್ದಲದ ನಡುವೆ, ಕೇಳಿಸದಂತೆ ನಿವೇದಿಸುವುದು ಶಬ್ದಾಕುಲಿತ ದೋಷ. ವಾರ್ಷಿಕ ವರದಿಯ ಕೊನೆಯ ಪುಟಗಳ ಸಣ್ಣ ಅಕ್ಷರದ ಟಿಪ್ಪಣಿಗಳನ್ನು ಕಂಡವರಿಗೆ ಈ ಕೊನೆಯದನ್ನು ವಿವರಿಸಬೇಕಾಗಿಲ್ಲ.

ಹೆಸರಿನಲ್ಲೇ ಸತ್ಯವನ್ನು ಹೊತ್ತಿದ್ದ ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಸಂಸ್ಥೆಗೆ 2008ರಲ್ಲಿ ಉತ್ತಮ ಆಡಳಿತಕ್ಕಾಗಿ ಪ್ರಶಸ್ತಿ ಸಂದಿತ್ತು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು. ಎಲ್ಲ ಬಾಗಿಲುಗಳೂ ಮುಚ್ಚಿದ ಮೇಲೆ ತೆರೆದ ಬಾಯಿ ಅದು. ಅಂತಹ ಪತ್ರ ಸುದ್ದಿಯಾಗಬಹುದು, ಆಲೋಚನೆಯಾಗದು. ತಪ್ಪು ಸಣ್ಣದಿದ್ದಾಗ, ಯಾರೂ ಕೇಳದಿದ್ದಾಗ, ಹೇಳುವವನಿಗೆ ನಷ್ಟವಾಗುವಾಗ ಆಡಿದ ಮಾತೇ ವಿಶ್ವಾಸದ ಬೀಜ.

ಕಂಪನಿಗಳನ್ನು ದೂರುವುದು ಸುಲಭ. ಸಮಾಜದ ಬಸದಿಗಳ ಟ್ರಸ್ಟುಗಳ ಸ್ಥಿತಿಯೇನು? ದಾನಿಯ ಹೆಸರು ಅಮೃತಶಿಲೆಯ ಮೇಲೆ ಅಡಿಯುದ್ದದ ಅಕ್ಷರಗಳಲ್ಲಿ ರಾರಾಜಿಸುತ್ತದೆ; ದಾನ ಹೇಗೆ ವೆಚ್ಚವಾಯಿತೆಂಬುದು ಕಪಾಟಿನ ಕೀಲಿಕೈಯೊಡನೆ ಕಾರ್ಯದರ್ಶಿಯ ಮನೆಯಲ್ಲಿರುತ್ತದೆ. ಪ್ರಶ್ನಿಸಿದ ಯುವಕನಿಗೆ ಧರ್ಮದ್ರೋಹಿಯ ಪಟ್ಟ. ದೇವದ್ರವ್ಯವು ಟ್ರಸ್ಟಿನ ಕೈಯಲ್ಲಿರುವ ನ್ಯಾಸ, ಎಂದರೆ ನಂಬಿ ಇರಿಸಿದ ಇಡುಗಂಟು. ಕೇಳಿದವರಿಗೆ ಅದರ ಲೆಕ್ಕ ಕೊಡದಿರುವುದು ನ್ಯಾಸಾಪಹಾರದ ನೆರೆಮನೆಯಲ್ಲವೆ?

ಮಾಡಬೇಕಾದುದು ಕಠಿಣವೇನಲ್ಲ. ವರ್ಷದ ಜಮಾ-ಖರ್ಚು ಬಸದಿಯ ಬಾಗಿಲಲ್ಲಿ ದೊಡ್ಡ ಅಕ್ಷರಗಳಲ್ಲಿ ತೂಗಲಿ. ಆ ವರ್ಷ ಆದ ತಪ್ಪುಗಳನ್ನು ಅಧ್ಯಕ್ಷರು ಸ್ವಹಸ್ತದಿಂದ ಒಂದು ಪುಟದಲ್ಲಿ ಬರೆದು ಸಭೆಯಲ್ಲಿ ಓದಲಿ. ಅರ್ಚಕರಿಗೂ ಗುಮಾಸ್ತರಿಗೂ ಆ ಸಭೆಯಲ್ಲಿ ನಿರ್ಭಯವಾಗಿ ಮಾತನಾಡುವ ಸರದಿ ದೊರೆಯಲಿ. ದಿನವನ್ನೂ ಹುಡುಕಬೇಕಾಗಿಲ್ಲ, ಕ್ಷಮಾವಾಣಿಯ ದಿನವಿದೆ. ಯಾವ ತಪ್ಪೆಂದು ಹೇಳದೆ ಕ್ಷಮೆ ಬೇಡುವುದು ಮುದ್ರಿತ ಕಾರ್ಡಿನ ಉಪಚಾರ. ತಪ್ಪನ್ನು ಹೆಸರಿಸಿ ಬೇಡಿದಾಗ ಮಾತ್ರ ಅದು ಧರ್ಮ.