ಮನೆಯ ಲ್ಯಾಬ್ ಕೆಡಲಿ ಬಿಡಿ

‘ಗ್ರೂಪ್ ಪಾಲಿಸಿ ಬರ್ತಾನೇ ಇಲ್ಲ ಸರ್. ಎರಡು ಸಲ ವಿಂಡೋಸ್ ಹೊಸದಾಗಿ ಹಾಕಿ ನೋಡಿದೆ.’

ಠಾಣೆ, ಡೊಂಬಿವಲಿ, ಕಲ್ಯಾಣದ ನಮ್ಮ ಹುಡುಗರಿಂದ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಮುಂದಿನ ಪ್ರಶ್ನೆ ತಾನಾಗಿ ಬಾಯಿಗೆ ಬರುತ್ತದೆ: ಕ್ಲೈಂಟಿನಲ್ಲಿ ಡಿಎನ್ಎಸ್ ಏನು ಕೊಟ್ಟಿದ್ದೀಯ? ಉತ್ತರವೂ ಹೆಚ್ಚಾಗಿ ಒಂದೇ. ಮೊದಲನೆಯದು ಸರ್ವರಿನದು, ಎರಡನೆಯದು 8.8.8.8. ‘ಕ್ಲಾಸಿನಲ್ಲಿ ಹಾಗೇ ಹೇಳಿಕೊಟ್ಟಿದ್ದಾರೆ.’

ನನ್ನ ಜಗಳ ಆ ಹುಡುಗನ ಜೊತೆಗಲ್ಲ, ಹಾಗೆ ಹೇಳಿಕೊಟ್ಟವರ ಜೊತೆಗೆ.

ಹುಡುಗ ಮಾಡಿದ ತಪ್ಪನ್ನು ನೋಡಿ. ತನ್ನ ಡೊಮೇನಿಗೆ ಅವನೇ ಒಂದು ಹೆಸರಿಟ್ಟಿದ್ದಾನೆ. ಆ ಹೆಸರು ಗೊತ್ತಿರುವುದು ಅವನ ಲ್ಯಾಪ್‌ಟಾಪಿನೊಳಗಿನ ಸರ್ವರಿಗೆ ಮಾತ್ರ. ಡೊಮೇನ್ ಕಂಟ್ರೋಲರ್ ಎಲ್ಲಿದೆ ಎಂದು ಕ್ಲೈಂಟ್ ಕೇಳುವುದು ಡಿಎನ್ಎಸ್‌ನ ಎಸ್ಆರ್‌ವಿ ದಾಖಲೆಗಳ ಮೂಲಕ. ಅದನ್ನು 8.8.8.8ಕ್ಕೆ ಕೇಳುವುದೆಂದರೆ, ನಿಮ್ಮ ಚಾಳಿನಲ್ಲಿ ಯಾರು ಯಾವ ಖೋಲಿಯಲ್ಲಿದ್ದಾರೆಂದು ಠಾಣೆ ಸ್ಟೇಷನ್ನಿನ ಕೌಂಟರಿನಲ್ಲಿ ವಿಚಾರಿಸಿದ ಹಾಗೆ. ಅವರು ‘ಗೊತ್ತಿಲ್ಲ’ ಎನ್ನುವುದಿಲ್ಲ, ‘ಅಂಥವರೇ ಇಲ್ಲ’ ಎನ್ನುತ್ತಾರೆ.

ಎರಡನೆಯ ವಿಳಾಸವೆಂದರೆ ಗಾಡಿಯ ಸ್ಟೆಪ್ನಿ ಎಂದು ನಮ್ಮವರು ತಿಳಿದಿದ್ದಾರೆ. ಅದು ಹಾಗಲ್ಲ. ವಿಂಡೋಸಿನ ಲೆಕ್ಕದಲ್ಲಿ ‘ಅಂಥ ಹೆಸರಿಲ್ಲ’ ಎಂಬುದೂ ಒಂದು ಉತ್ತರವೇ. ಆ ಉತ್ತರ ಸಿಕ್ಕ ಮೇಲೆ ಅದು ಇನ್ನೊಂದು ಸರ್ವರನ್ನು ಕೇಳುವುದಿಲ್ಲ. ಸರ್ವರ್ ಏಳುವುದು ಸ್ವಲ್ಪ ತಡವಾದರೆ ಕ್ಲೈಂಟ್ ಎರಡನೆಯದಕ್ಕೆ ಹೊರಳುತ್ತದೆ, ಸ್ವಲ್ಪ ಹೊತ್ತು ಅಲ್ಲೇ ಕೂರುತ್ತದೆ. ಹೀಗಾಗಿ ಲ್ಯಾಬ್ ಒಮ್ಮೆ ನಡೆಯುತ್ತದೆ, ಒಮ್ಮೆ ನಡೆಯುವುದಿಲ್ಲ. ಕಲಿಯುವವನ ಧೈರ್ಯ ಕೆಡಿಸುವುದು ಈ ‘ಒಮ್ಮೊಮ್ಮೆ’. ಅವನು ತನ್ನ ತಲೆಯನ್ನೇ ಬೈದುಕೊಂಡು ಫಾರ್ಮ್ಯಾಟ್ ಮಾಡುತ್ತಾನೆ.

ಪರಿಹಾರ ಒಂದು ಸಾಲಿನದು. ಕ್ಲೈಂಟಿನಲ್ಲಿ ಸರ್ವರಿನ ವಿಳಾಸ ಮಾತ್ರ ಇರಲಿ, ಹೊರಜಗತ್ತಿನ ವಿಳಾಸ ಸರ್ವರಿನ ಫಾರ್ವರ್ಡರ್‌ಗೆ ಹೋಗಲಿ. ಇಷ್ಟು ಮಾಡಿದರೂ ಆಗದಿದ್ದರೆ ಮನೆಯ ವೈಫೈ ರೌಟರ್ ನೋಡಿ. ಐಪಿವಿ6 ಮೂಲಕ ಅದು ತನ್ನದೇ ಡಿಎನ್ಎಸ್ ವಿಳಾಸವನ್ನು ಸದ್ದಿಲ್ಲದೆ ಹಂಚುತ್ತಿರಬಹುದು. ಬ್ರಿಡ್ಜ್ ಬಿಟ್ಟು ಒಳಗಿನ ನೆಟ್‌ವರ್ಕಿನಲ್ಲಿ ಲ್ಯಾಬ್ ಕಟ್ಟಿದರೆ ಆ ಕಾಟವಿಲ್ಲ.

ಡಿಎನ್ಎಸ್ ಸರಿಯಾದ ಮೇಲೂ ಪಾಲಿಸಿ ಬಾರದಿದ್ದರೆ? ಕಾರಣಗಳು ಎಣಿಕೆಗೆ ಸಿಗುವಷ್ಟೇ. ಬಳಕೆದಾರನಿಗೆ ಬರೆದ ಪಾಲಿಸಿಯನ್ನು ಕಂಪ್ಯೂಟರುಗಳಷ್ಟೇ ಇರುವ ಓಯುಗೆ ಕಟ್ಟಿರುತ್ತಾರೆ. ಬದಲಾವಣೆ ಮಾಡಿ ಎರಡೇ ನಿಮಿಷಕ್ಕೆ ‘ಬರಲಿಲ್ಲ’ ಎನ್ನುತ್ತಾರೆ. ತಾನಾಗಿ ಬರಲು 90 ನಿಮಿಷ, ಮೇಲೆ 30 ನಿಮಿಷದವರೆಗೆ ಹೆಚ್ಚೂಕಡಿಮೆ ಬೇಕೆಂದು ಯಾರೂ ಹೇಳಿರುವುದಿಲ್ಲ. ಎರಡು ಯಂತ್ರಗಳ ಗಡಿಯಾರ 5 ನಿಮಿಷಕ್ಕಿಂತ ಹೆಚ್ಚು ಬೇರೆಯಾದರೆ ಕರ್ಬರೋಸ್ ಒಳಗೇ ಬಿಡುವುದಿಲ್ಲ. ಇನ್ನೊಂದು ಕಾರಣ 2016ರ ಜೂನಿನಲ್ಲಿ ಬಂದ ಭದ್ರತಾ ಅಪ್‌ಡೇಟ್. ಅದರ ನಂತರ ಬಳಕೆದಾರನ ಪಾಲಿಸಿಯನ್ನೂ ಕಂಪ್ಯೂಟರಿನ ಹೆಸರಿನಲ್ಲೇ ಓದಲಾಗುತ್ತದೆ. ಫಿಲ್ಟರಿನಿಂದ ‘ಅಥೆಂಟಿಕೇಟೆಡ್ ಯೂಸರ್ಸ್’ ತೆಗೆದು, ಕಂಪ್ಯೂಟರುಗಳಿಗೆ ಓದುವ ಹಕ್ಕು ಕೊಡದಿದ್ದರೆ ಪಾಲಿಸಿ ಬರುವುದಿಲ್ಲ. ಅದಕ್ಕೂ ಹಿಂದಿನ ನೋಟ್ಸುಗಳ ಝೆರಾಕ್ಸ್ ಇಂದಿಗೂ ಕೈಯಿಂದ ಕೈಗೆ ಹೋಗುತ್ತಿದೆ.

ಇದ್ಯಾವುದೂ ಬ್ರಹ್ಮವಿದ್ಯೆಯಲ್ಲ. ಎನ್ಎಸ್‌ಲುಕಪ್, ಡಿಸಿಡಯಾಗ್, ಜಿಪಿರಿಸಲ್ಟ್, ಇವೆಂಟ್ ವ್ಯೂವರ್ ಎಂಬ ನಾಲ್ಕು ಉಪಕರಣಗಳು ವಿಂಡೋಸಿನ ಜೊತೆಗೇ ಬರುತ್ತವೆ. ಸರ್ವರಿನ ಪ್ರಾಯೋಗಿಕ ಪ್ರತಿ 180 ದಿನ ಪುಕ್ಕಟೆ. ಆದರೂ ಕ್ಲಾಸುಗಳಲ್ಲಿ ಕಲಿಸುವುದು ಎಂದೂ ಕೆಡದ ಲ್ಯಾಬನ್ನು. ನೆಕ್ಸ್ಟ್, ನೆಕ್ಸ್ಟ್, ಫಿನಿಶ್. ಕೆಟ್ಟರೆ ಫೈರ್‌ವಾಲ್ ಆಫ್ ಮಾಡು, 8.8.8.8 ಹಾಕು, ಹೊಸದಾಗಿ ಇನ್‌ಸ್ಟಾಲ್ ಮಾಡು. ಇದು ಯಂತ್ರಕ್ಕೆ ತೆಗೆಸುವ ದೃಷ್ಟಿ, ವಿದ್ಯೆಯಲ್ಲ. ಕಲಿಸುವವರಿಗೂ ಸಂಬಳ ಕಡಿಮೆ, ಸಿಲಬಸ್ ಮುಗಿಸುವ ಅವಸರ ಎಂಬುದು ನಿಜ. ಆದರೆ ಫೀಸು ತೆಗೆದುಕೊಳ್ಳುವಾಗ ಆ ಅವಸರದ ಲೆಕ್ಕ ಯಾರೂ ಹೇಳುವುದಿಲ್ಲ.

‘ಈಗೆಲ್ಲ ಕ್ಲೌಡ್, ಇಂಟ್ಯೂನ್. ಹಳೆಯ ಗ್ರೂಪ್ ಪಾಲಿಸಿ ಯಾರಿಗೆ ಬೇಕು?’ ಎನ್ನುವವರಿದ್ದಾರೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್ಆ್ಯಪ್ ತಾಸುಗಟ್ಟಲೆ ಮಾಯವಾದಾಗ ಅವರ ಸರ್ವರುಗಳು ಸತ್ತಿರಲಿಲ್ಲ. ಅವರ ಡಿಎನ್ಎಸ್‌ಗೆ ಹೋಗುವ ದಾರಿ ಇಂಟರ್ನೆಟ್ಟಿನಿಂದ ಅಳಿಸಿಹೋಗಿತ್ತು. 2025ರ ಅಕ್ಟೋಬರ್ 20ರಂದು ಅಮೆಜಾನಿನ ಕ್ಲೌಡ್ ಮುಗ್ಗರಿಸಿದಾಗಲೂ ಮೂಲದಲ್ಲಿದ್ದದ್ದು ಖಾಲಿಯಾದ ಒಂದು ಡಿಎನ್ಎಸ್ ದಾಖಲೆ. ಉಪಕರಣ ಬದಲಾಗಬಹುದು, ‘ಯಾರು ಯಾರನ್ನು ಕೇಳಿದರು, ಏನು ಉತ್ತರ ಬಂತು’ ಎಂದು ಹುಡುಕುವ ಕ್ರಮ ಬದಲಾಗುವುದಿಲ್ಲ.

ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು: ‘ಹುಡುಗರಿಗೆ ಸಮಯವೆಲ್ಲಿದೆ? ದಿನಕ್ಕೆ ಮೂರು ತಾಸು ಲೋಕಲ್ಲಿನಲ್ಲೇ ಹೋಗುತ್ತದೆ. ಬೇಗ ಕೆಲಸ ಸಿಗಬೇಕು.’ ಒಪ್ಪಿದೆ. ಆದರೆ ಆ ಕೆಲಸ ಎಂಥದ್ದು? ಠಾಣೆಯಲ್ಲಿ ಗಾಡಿ ಬದಲಿಸಿ ಐರೋಲಿಗೋ ಮಹಾಪೆಗೋ ಹೋಗಿ ಮಾಡುವ ರಾತ್ರಿ ಪಾಳಿ. ಅಲ್ಲಿ ಎರಡು ಗಂಟೆಗೆ ಟಿಕೆಟ್ ಬಂದಾಗ ಬೇರೆಯವರ ಡೊಮೇನ್ ಕಂಟ್ರೋಲರನ್ನು ಫಾರ್ಮ್ಯಾಟ್ ಮಾಡಲಾಗದು. ಬಾಯಿಪಾಠ ಸಂದರ್ಶನದ ಬಾಗಿಲು ದಾಟಿಸೀತು, ಪ್ರೊಬೇಷನ್ ದಾಟಿಸುವುದಿಲ್ಲ. ಆಗ ಮನೆಗೆ ಮರಳುವವನು ಆ ಹುಡುಗನೇ, ಕ್ಲಾಸಿನವರಲ್ಲ. ಸಮಯ ಕಡಿಮೆ ಇರುವವನಿಗೇ ತಪ್ಪು ಹುಡುಕುವ ಕ್ರಮ ಹೆಚ್ಚು ಬೇಕು.

ಮುಂಬೈ ಕನ್ನಡಿಗರಿಗೆ ಈ ಮಾತು ಹೊಸದಾಗಬಾರದು. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರಿಗೆ ರಾತ್ರಿ ಅಕ್ಷರ ಕಲಿಸಲು ಮೊಗವೀರ, ಗುರುನಾರಾಯಣ ರಾತ್ರಿ ಶಾಲೆಗಳನ್ನು ಕಟ್ಟಿದ್ದು ನಮ್ಮ ಸಂಘಗಳೇ. ಅವರು ಸರ್ಟಿಫಿಕೇಟ್ ಮಾರಲಿಲ್ಲ, ಕೂರಲು ಜಾಗ ಕೊಟ್ಟರು, ತಿದ್ದುವ ಮೇಷ್ಟ್ರನ್ನು ಕೊಟ್ಟರು. ಇಂದು ಡೊಂಬಿವಲಿಯಿಂದ ನವಿ ಮುಂಬೈವರೆಗೆ ನಮ್ಮ ಸಂಘಗಳಿಗೆ ಸಭಾಗೃಹಗಳಿವೆ, ಸದಸ್ಯರಲ್ಲಿ ಅನುಭವಿ ಐಟಿಯವರೂ ಇದ್ದಾರೆ. ತಿಂಗಳಿಗೊಂದು ಭಾನುವಾರ ಒಂದು ಕೋಣೆ ತೆರೆಯಲಿ. ಯಾರೋ ದಾನ ಕೊಟ್ಟ ಎರಡು ಹಳೆಯ ಕಂಪ್ಯೂಟರ್ ಸಾಕು. ಹಿರಿಯರೊಬ್ಬರು ಮೊದಲೇ ಬಂದು ಲ್ಯಾಬನ್ನು ಒಂದು ಕಡೆ ಕೆಡಿಸಿಡಲಿ, ಹುಡುಗರು ಹುಡುಕಲಿ. ನಿಯಮ ಒಂದೇ: ಕಾರಣ ಹೇಳದೆ ಯಾರೂ ರೀಇನ್‌ಸ್ಟಾಲ್ ಮಾಡುವಂತಿಲ್ಲ.

ಅಲ್ಲಿಯವರೆಗೆ ಮನೆಯಲ್ಲಿ ಲ್ಯಾಬ್ ಕಟ್ಟುವ ತಮ್ಮಂದಿರಿಗೆ, ತಂಗಿಯರಿಗೆ ಒಂದು ಮಾತು. ಸ್ನ್ಯಾಪ್‌ಶಾಟ್ ತೆಗೆದಿಡಿ, ಆಮೇಲೆ ಬೇಕೆಂದೇ ಕೆಡಿಸಿ. ನೋಡಿದ್ದನ್ನು, ಊಹಿಸಿದ್ದನ್ನು, ಸರಿಯಾದದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸಂದರ್ಶನಕ್ಕೆ ಹೋಗುವಾಗ ಆ ನೋಟ್‌ಬುಕ್ಕನ್ನೇ ಕೈಯಲ್ಲಿ ಹಿಡಿದು ಹೋಗಿ.