‘ಕರ್ವಾಲೊ’: ಓದಿನ ಸಂತೋಷ ಮತ್ತು ವಿಮರ್ಶೆಯ ಸಂಕೋಚ

ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಅವರ ‘ಕರ್ವಾಲೊ’ ಪ್ರಕಟವಾದದ್ದು 1980ರಲ್ಲಿ. ಅಂದಿನಿಂದ ಈ ಕಾದಂಬರಿ ಎರಡು ಬಗೆಯ ಬಾಳನ್ನು ಬಾಳುತ್ತ ಬಂದಿದೆ. ಸಾಮಾನ್ಯ ಓದುಗರ ನಡುವೆ ಅದು ನಗಿಸುತ್ತ ಓದಿಸಿಕೊಳ್ಳುವ, ಓದಿ ಮುಗಿಸಿದವರು ಮತ್ತೊಬ್ಬರ ಕೈಗೆ ಒತ್ತಾಯದಿಂದ ಕೊಡುವ ಪುಸ್ತಕ. ವಿಮರ್ಶೆ ಹಾಗೂ ಸಂಶೋಧನೆಗಳ ವಲಯದಲ್ಲಾದರೆ ಅದು ಪರಿಸರ ಪ್ರಜ್ಞೆ, ವಿಕಾಸವಾದ, ನವ್ಯೋತ್ತರ ಸಂವೇದನೆ, ದೇಸಿ ಜ್ಞಾನ ಮೊದಲಾದ ಪರಿಕಲ್ಪನೆಗಳಿಗೆ ಒದಗುವ ನಿದರ್ಶನ. ಈ ಎರಡು ಓದುಗಳು ಒಂದನ್ನೊಂದು ಸಂಧಿಸುವುದು ಅಪರೂಪ. ಕೃತಿಯ ಗುಣಗಳನ್ನು ಪಟ್ಟಿಮಾಡುವಾಗ ಹಾಸ್ಯವು ಕೊನೆಯಲ್ಲಿ ಸೇರಿಕೊಳ್ಳುವ ಒಂದು ಅಲಂಕಾರದಂತೆ ಕಾಣಿಸಿಕೊಂಡು ಮರೆಯಾಗುತ್ತದೆ. ಆದರೆ ‘ಕರ್ವಾಲೊ’ದ ದರ್ಶನವು ಅದರ ನಗೆಯ ಮೂಲಕವೇ ರೂಪುಗೊಂಡಿದೆ. ಓದುಗನ ಸಂತೋಷವನ್ನು ಬದಿಗಿಟ್ಟು ದರ್ಶನವೊಂದನ್ನೇ ಎತ್ತಿಕೊಳ್ಳಹೊರಟರೆ ಆ ದರ್ಶನವೂ ಕೈತಪ್ಪಿ ಹೋಗುತ್ತದೆ.

ವಿಮರ್ಶೆಯ ಈ ಸಂಕೋಚಕ್ಕೆ ಐತಿಹಾಸಿಕ ಕಾರಣಗಳಿವೆ. ನವ್ಯದ ಕಾಲದಲ್ಲಿ ‘ಗಂಭೀರ’ ಎಂಬ ಮಾತು ‘ಶ್ರೇಷ್ಠ’ ಎಂಬುದಕ್ಕೆ ಪರ್ಯಾಯವಾಗಿ ಬಳಕೆಗೆ ಬಂದಿತು. ಹಾಸ್ಯಕ್ಕೆ ಲಲಿತ ಪ್ರಬಂಧ, ಕೈಲಾಸಂ ಅವರ ನಾಟಕ, ಬೀಚಿಯವರ ಬರಹ ಎಂಬ ಪ್ರತ್ಯೇಕ ಕಪಾಟನ್ನು ಗೊತ್ತುಮಾಡಲಾಯಿತು. ತೇಜಸ್ವಿಯವರು 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ನವ್ಯದ ದಾರಿಯಿಂದ ಹೊರಬರುವ ಅಗತ್ಯವನ್ನು ಪ್ರತಿಪಾದಿಸಿದರು. ಆ ಮುನ್ನುಡಿಯ ವೈಚಾರಿಕತೆಯ ಬಗೆಗೆ ಸಾಕಷ್ಟು ಚರ್ಚೆ ನಡೆದಿದೆ. ಆ ಬಿಡುಗಡೆಯು ಗದ್ಯದಲ್ಲಿ ಮೊದಲು ಕಾಣಿಸಿಕೊಂಡದ್ದು ನಗೆಯಾಗಿ ಎಂಬುದನ್ನು ಮಾತ್ರ ಅಷ್ಟಾಗಿ ಗಮನಿಸಿಲ್ಲ.

‘ಕರ್ವಾಲೊ’ವನ್ನು ವಿಜ್ಞಾನ ಕಾದಂಬರಿ ಎಂದು ಕರೆಯಬಹುದೆ ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತಿಕೊಳ್ಳುವುದು ಉಚಿತ. ರಾಜಶೇಖರ ಭೂಸನೂರಮಠ ಅವರಂಥ ಲೇಖಕರ ಮೂಲಕ ಕನ್ನಡಕ್ಕೆ ಪರಿಚಿತವಾದ ಪ್ರಕಾರದಲ್ಲಿ ಅನ್ಯಗ್ರಹ, ಭವಿಷ್ಯ, ಅಪೂರ್ವ ಯಂತ್ರಗಳಿಗೆ ಪ್ರಾಧಾನ್ಯವಿದೆ. ‘ಕರ್ವಾಲೊ’ದಲ್ಲಿ ಇವಾವುವೂ ಇಲ್ಲ. ಅಲ್ಲಿರುವುದು ಒಂದು ಹಾರುವ ಓತಿ. ಅದು ಕಲ್ಪಿತ ಪ್ರಾಣಿಯೂ ಅಲ್ಲ. ಡ್ರಾಕೊ ಡುಸ್ಸುಮಿಯೇರಿ ಎಂಬ ಹೆಸರಿನಿಂದ 1837ರಲ್ಲಿಯೇ ವಿಜ್ಞಾನಕ್ಕೆ ಪರಿಚಯವಾದ ಹಾರುವ ಓತಿ ಪಶ್ಚಿಮಘಟ್ಟಗಳಲ್ಲಿಯೂ ಅಡಕೆ ತೋಟಗಳಲ್ಲಿಯೂ ವಾಸಿಸುತ್ತದೆ. ನೀಳವಾದ ಪಕ್ಕೆಲುಬುಗಳ ಆಧಾರದಿಂದ ಚರ್ಮದ ಪೊರೆಯನ್ನು ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ. ಕಾದಂಬರಿಯು ಓತಿಯನ್ನು ಕೋಟ್ಯಂತರ ವರ್ಷಗಳ ಹಿಂದಿನಿಂದ ಉಳಿದುಬಂದ ಜೀವಿಯ ಸ್ಥಾನದಲ್ಲಿ ನಿಲ್ಲಿಸುತ್ತದೆ. ತಿಳಿದ ಜೀವಿಯೊಂದನ್ನು ತಿಳಿಯದ ಕಾಲದ ಎದುರು ಇರಿಸಿ ನೋಡುವುದೇ ಇಲ್ಲಿನ ವೈಜ್ಞಾನಿಕ ಕಲ್ಪನೆ. ಈ ಅರ್ಥದಲ್ಲಿ ಅದನ್ನು ವಿಜ್ಞಾನ ಕಾದಂಬರಿಯೆನ್ನಲು ಅಡ್ಡಿಯಿಲ್ಲ.

ಈ ಕಲ್ಪನೆಯತ್ತ ಓದುಗನನ್ನು ಕರೆದೊಯ್ಯುವ ದಾರಿ ಯಾವುದು? ಕಾದಂಬರಿಯು ವಿಕಾಸವಾದದ ವಿವರಣೆಯಿಂದ ಆರಂಭವಾಗುವುದಿಲ್ಲ. ಮೂಡಿಗೆರೆಯ ಜೇನು ಸೊಸೈಟಿ, ಜಮೀನಿನ ರಗಳೆಗಳಿಂದ ಬೇಸತ್ತ ನಿರೂಪಕ, ಮಂದಣ್ಣನ ಮದುವೆಯ ಆಸೆ, ಅವನಿಗೆ ಸುತ್ತಿಕೊಳ್ಳುವ ಪೊಲೀಸು ಕೇಸಿನ ತಾಪತ್ರಯ, ಪ್ಯಾರ, ಬಿರಿಯಾನಿ ಕರಿಯಪ್ಪ, ಎಂಗ್ಟ, ಕಿವಿ ಎಂಬ ನಾಯಿ – ಇಂಥ ಲೌಕಿಕ ಗೊಂದಲಗಳ ನಡುವೆಯೇ ವಿಜ್ಞಾನಿ ಕರ್ವಾಲೊ ತಮ್ಮ ಅನ್ವೇಷಣೆಯನ್ನು ನಡೆಸುತ್ತಾರೆ. ಒಂದೆಡೆ ಕೋಟ್ಯಂತರ ವರ್ಷಗಳ ಕಾಲಮಾನ, ಇನ್ನೊಂದೆಡೆ ಈ ಹೊತ್ತಿನ ಊಟ, ಕೇಸು, ಮದುವೆ. ಈ ಎರಡು ಅಳತೆಗಳ ಅಂತರವೇ ನಗೆಯ ಮೂಲ. ಅದೇ ಅಂತರವೇ ವಿಸ್ಮಯದ ಮೂಲವೂ ಹೌದು. ಭಾರತೀಯ ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಹಾಸ್ಯ ಮತ್ತು ಅದ್ಭುತಗಳಿಗೆ ಇಲ್ಲಿ ಒಂದೇ ವಿಭಾವ. ಆದ್ದರಿಂದಲೇ ನಾರ್ವೆಯ ಕಾಡಿನಲ್ಲಿ ಓತಿಯು ಎಲ್ಲರ ಕೈಮೀರಿ ಆಳದತ್ತ ತೇಲಿಹೋಗುವ ಕೊನೆಯ ಭಾಗದಲ್ಲಿ, ಅದುವರೆಗೆ ನಗುತ್ತಿದ್ದ ಓದುಗನು ಯಾವ ಉಪದೇಶವೂ ಇಲ್ಲದೆ ಮೌನಕ್ಕೆ ಬರುತ್ತಾನೆ. ನಗೆಯು ಅವನ ಅಹಂಕಾರವನ್ನು ಮೊದಲೇ ಸಡಿಲಿಸಿರುತ್ತದೆ.

ಹೊರಗಿನ ಒಂದು ಹೋಲಿಕೆ ಈ ಮಾತನ್ನು ಸ್ಪಷ್ಟಪಡಿಸಬಹುದು. ಡಗ್ಲಾಸ್ ಆಡಮ್ಸ್ ಎಂಬ ಇಂಗ್ಲಿಷ್ ಲೇಖಕ 1978ರಲ್ಲಿ ಬಿಬಿಸಿ ಬಾನುಲಿಗಾಗಿ ರಚಿಸಿ, 1979ರಲ್ಲಿ ಕಾದಂಬರಿಯಾಗಿಸಿದ ‘ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ’ ಲೋಕಪ್ರಸಿದ್ಧ ಕೃತಿ. ಅದರಲ್ಲಿ ಮಹಾಗಣಕವೊಂದು ಬದುಕು ಮತ್ತು ವಿಶ್ವದ ಪರಮ ಪ್ರಶ್ನೆಗೆ ಎಪ್ಪತ್ತೈದು ಲಕ್ಷ ವರ್ಷಗಳ ಕಾಲ ಲೆಕ್ಕಹಾಕಿ ‘42’ ಎಂಬ ಉತ್ತರವನ್ನು ನೀಡುತ್ತದೆ. ಪ್ರಶ್ನೆ ಏನೆಂಬುದೇ ಯಾರಿಗೂ ತಿಳಿದಿರುವುದಿಲ್ಲ. ಒಂದು ವರ್ಷದ ಅಂತರದಲ್ಲಿ ಬಂದ ಈ ಎರಡು ಕೃತಿಗಳ ನಡುವೆ ಪ್ರಭಾವದ ಸಂಬಂಧವನ್ನು ಹುಡುಕಬೇಕಾಗಿಲ್ಲ. ಮಹತ್ತಾದ ಅನ್ವೇಷಣೆಯೊಂದು ನಿರೀಕ್ಷಿತ ಫಲವನ್ನು ಕೊಡದಿರುವುದೇ ಎರಡರಲ್ಲಿಯೂ ತಾತ್ವಿಕತೆಯ ತಿರುಳು. ಆದರೆ ಆಡಮ್ಸ್‌ನ ನಗೆ ವಿಶ್ವದ ಅರ್ಥಶೂನ್ಯತೆಯತ್ತ ವಾಲಿದರೆ, ತೇಜಸ್ವಿಯವರ ನಗೆ ವಿಶ್ವದ ಅಪಾರತೆಯತ್ತ ವಾಲುತ್ತದೆ. ಅಲ್ಲಿ ಉತ್ತರ ಸಿಕ್ಕಿ ನಿರುಪಯುಕ್ತವಾಗುತ್ತದೆ. ಇಲ್ಲಿ ಓತಿ ಸಿಗದಿದ್ದರೂ ಕಂಡದ್ದು ಸಾಕೆನಿಸುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ನಿರೂಪಕ ಜಮೀನಿನ ಒಡೆಯ, ಓದಿದವನು. ನಗೆಗೆ ಗುರಿಯಾಗುವವರಲ್ಲಿ ಹೆಚ್ಚಿನವರು ಕೂಲಿಗಳು, ಅಲೆಮಾರಿಗಳು, ಅನಕ್ಷರಸ್ಥರು. ಹೀಗಿರುವಾಗ ಓದುಗನ ಸಂತೋಷವು ಒಡೆಯನ ಸಂತೋಷವೇ ಆಗಿಬಿಡುವುದಿಲ್ಲವೆ? ಭರತನು ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದು ವಿಂಗಡಿಸಿದ್ದು ನಗುವವರು ಮತ್ತು ನಗಿಸುವವರ ನೆಲೆಯಿಂದ. ಯಾರನ್ನು ಕುರಿತು ನಗಲಾಗುತ್ತಿದೆ ಎಂಬುದು ಆಧುನಿಕ ವಿಮರ್ಶೆ ಸೇರಿಸಬೇಕಾದ ಮೂರನೆಯ ಪ್ರಶ್ನೆ. ಮಂದಣ್ಣನ ಮಟ್ಟಿಗೆ ಕಾದಂಬರಿ ಇದಕ್ಕೆ ಸಮರ್ಥವಾದ ಉತ್ತರ ನೀಡುತ್ತದೆ. ದಡ್ಡನೆಂದು ಕಂಡವನಲ್ಲಿ ಹುಟ್ಟು ನಿಸರ್ಗತಜ್ಞನಿರುವುದನ್ನು ಕರ್ವಾಲೊ ಗುರುತಿಸಿದ ಮೇಲೆ, ಅದುವರೆಗೆ ನಕ್ಕ ನಿರೂಪಕನೇ ನಗೆಗೆ ಈಡಾಗುತ್ತಾನೆ; ಅವನೊಡನೆ ಓದುಗನೂ. ಪ್ಯಾರ, ಎಂಗ್ಟರ ವಿಷಯದಲ್ಲಿ ಇಂಥ ತಿರುವು ಅಷ್ಟು ಪೂರ್ಣವಾಗಿ ಒದಗುವುದಿಲ್ಲ. ಅವರು ಬಹುಮಟ್ಟಿಗೆ ವಿನೋದದ ಪಾತ್ರಗಳಾಗಿಯೇ ಉಳಿಯುತ್ತಾರೆ. ಇದು ಕೃತಿಯ ಮಿತಿ. ಆದರೆ ಈ ಮಿತಿಯನ್ನು ಕಾಣಬೇಕಾದರೂ ನಗೆಯನ್ನು ಗಂಭೀರವಾಗಿ ಪರಿಗಣಿಸಲೇಬೇಕು. ಪರಿಸರ ಪ್ರಜ್ಞೆಯ ಚೌಕಟ್ಟಿನಲ್ಲಿ ಮಾತ್ರ ಓದುವ ಸಂಶೋಧನೆಗೆ ಈ ಪ್ರಶ್ನೆ ಎದುರಾಗುವುದೇ ಇಲ್ಲ.

ಪ್ರಾದೇಶಿಕ ನೆಲೆಯಿಂದಲೂ ಇದನ್ನು ಪರಿಶೀಲಿಸಬಹುದು. ಹೇಮಾವತಿ ನದಿಯು ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟಿ, ಸಕಲೇಶಪುರವನ್ನು ಹಾದು ಗೊರೂರು, ಹೊಳೆನರಸೀಪುರಗಳತ್ತ ಹರಿಯುತ್ತದೆ. ಇದೇ ಹೊಳೆಯ ದಂಡೆಯ ಗೊರೂರು ರಾಮಸ್ವಾಮಿ ಅಯ್ಯಂಗಾರ್ (1904–1991) ಹಳ್ಳಿಯ ಬದುಕನ್ನು ನಗೆಯಲ್ಲಿ ಹಿಡಿದಿಟ್ಟವರು. ಗೊರೂರರ ನಗೆ ಊರೊಳಗಿನ ಮನುಷ್ಯ ಸಂಬಂಧಗಳಲ್ಲಿ ನೆಲೆಗೊಂಡರೆ, ತೇಜಸ್ವಿಯವರ ನಗೆ ಊರಿನಾಚೆ ಕಾಡಿಗೂ ಕಾಲದ ಆಳಕ್ಕೂ ಚಾಚುತ್ತದೆ. ಮೊಸಳೆ, ಚನ್ನರಾಯಪಟ್ಟಣಗಳಂಥ ಬಯಲು ಪ್ರದೇಶದ ತೆಂಗು, ರಾಗಿ, ಆಲೂಗೆಡ್ಡೆಗಳ ನಡುವೆ ಬೆಳೆದ ಓದುಗನಿಗೆ ನಿತ್ಯಹರಿದ್ವರ್ಣದ ಕಾಡು ದಿನನಿತ್ಯದ ಅನುಭವವಲ್ಲ. ಹಾರುವ ಓತಿಯನ್ನು ಅವನು ನೋಡಿರಬೇಕೆಂದೂ ಇಲ್ಲ. ಅಂಥವನಿಗೂ ‘ಕರ್ವಾಲೊ’ ದಕ್ಕುತ್ತದೆ. ಏಕೆಂದರೆ ಮಂದಣ್ಣನ ಮಾತು, ಜೇನು ಸೊಸೈಟಿಯ ವ್ಯವಹಾರ, ಕೋರ್ಟು ಕಚೇರಿಯ ಅಲೆದಾಟ ಅವನ ಪರಿಚಿತ ಲೋಕ. ಗೊರೂರರು ಪಳಗಿಸಿದ ಗ್ರಾಮೀಣ ನಗೆಯೇ ಅವನನ್ನು ಮಲೆನಾಡಿನ ಕಾಡಿನೊಳಕ್ಕೆ ಕರೆದೊಯ್ಯುತ್ತದೆ.

ಹೀಗಿರುವಲ್ಲಿ ಕನ್ನಡ ಅಧ್ಯಯನವು ಕೈಗೊಳ್ಳಬೇಕಾದ ಕೆಲಸಗಳು ಕೆಲವಿವೆ. ತೇಜಸ್ವಿಯವರನ್ನು ಕುರಿತ ಪ್ರಬಂಧಗಳಲ್ಲಿ ಹಾಸ್ಯವನ್ನು ‘ಶೈಲಿ’ಯ ಅಧ್ಯಾಯದಿಂದ ಹೊರತಂದು ‘ಜ್ಞಾನಮೀಮಾಂಸೆ’ಯ ಅಧ್ಯಾಯದಲ್ಲಿ ಚರ್ಚಿಸಬೇಕು. ಗ್ರಂಥಾಲಯಗಳ ಎರವಲು ದಾಖಲೆ, ಓದುಗರ ಪತ್ರ, ಕಾದಂಬರಿಯ ರಂಗರೂಪಗಳಿಗೆ ದೊರೆತ ಪ್ರತಿಕ್ರಿಯೆಗಳನ್ನು ಸಂಶೋಧನೆಯ ಆಕರಗಳೆಂದು ಮಾನ್ಯಮಾಡಬೇಕು. ತರಗತಿಯಲ್ಲಿ ಕೃತಿಯ ಸಾರಾಂಶವನ್ನು ಬರೆಸುವ ಮೊದಲು ಕೃತಿಯನ್ನೇ ಗಟ್ಟಿಯಾಗಿ ಓದಬೇಕು. ವಿದ್ಯಾರ್ಥಿಗಳು ಎಲ್ಲಿ ನಗುತ್ತಾರೆ, ಎಲ್ಲಿ ನಗು ನಿಲ್ಲುತ್ತದೆ, ಯಾರು ನಗುವುದಿಲ್ಲ ಎಂಬುದನ್ನು ಅಧ್ಯಾಪಕರು ಗಮನಿಸಬೇಕು. ನಗದೆ ಉಳಿದ ವಿದ್ಯಾರ್ಥಿಗೆ ಪ್ಯಾರನ ಬಗೆಗೆ, ಎಂಗ್ಟನ ಬಗೆಗೆ ಹೇಳಬೇಕಾದ ಮಾತಿರಬಹುದು.

2007ರಲ್ಲಿ ತೇಜಸ್ವಿಯವರು ತೀರಿಕೊಂಡ ಮೇಲೆ ಅವರನ್ನು ಚಿಂತಕರೆಂದು, ಪರಿಸರವಾದಿಯೆಂದು ಪೂಜಿಸುವ ಪ್ರವೃತ್ತಿ ಹೆಚ್ಚಿದೆ. ಪೂಜೆಗೆ ಒಳಗಾದ ಲೇಖಕನ ಕೃತಿಯಲ್ಲಿ ಮೊದಲು ಮರೆಯಾಗುವುದು ನಗೆ. ಅದನ್ನು ಉಳಿಸಿಕೊಂಡ ಓದುಗರು ಈಗಲೂ ಇದ್ದಾರೆ. ವಿಮರ್ಶೆಯು ಅವರ ಸಂತೋಷವನ್ನು ಸಾಕ್ಷ್ಯವೆಂದು ಸ್ವೀಕರಿಸಿದರೆ ‘ಕರ್ವಾಲೊ’ದ ಅಧ್ಯಯನವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಲ್ಲುದು.