ಗೋವಿನಜೋಳದಡಿ ಹೂತ ಹೊಣೆ

2023ರ ಡಿಸೆಂಬರ್ 4ರ ಸಂಜೆ ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ರಾಜಗುರು ಇಂಡಸ್ಟ್ರೀಸ್‌ನಲ್ಲಿ ಗೋವಿನಜೋಳದ ಸಂಗ್ರಹ ಘಟಕ ಕುಸಿಯಿತು. ಏಳು ಕಾರ್ಮಿಕರು ಸತ್ತರು, ಎಲ್ಲರೂ ಬಿಹಾರದವರು. ಅವರನ್ನು ಹೊರತೆಗೆಯಲು ರಾತ್ರಿಯಿಡೀ ಹಿಡಿಯಿತು. ಇದನ್ನು ವಿಧಿಯಾಟವೆಂದು ಒಪ್ಪಲು ನಾವು ಸಿದ್ಧರಿಲ್ಲ. ಇಷ್ಟು ಕಾಳಿನ ಭಾರವನ್ನು ಕಂಬಗಳು ತಾಳುತ್ತವೆಯೇ ಎಂಬುದು ಲೆಕ್ಕ ಹಾಕಿ ತಿಳಿಯಬಹುದಾದ ಸಂಗತಿ. ರಾಶಿ ಮೈಮೇಲೆ ಬಿದ್ದರೆ ಎದೆ ಅಮುಕಿ ಉಸಿರು ನಿಲ್ಲುತ್ತದೆಂಬುದೂ ಕಾಳಿನ ಧಂದೆಯವರಿಗೆ ಹೊಸದಲ್ಲ.

ಅದೇ ವರ್ಷದ ಮಾರ್ಚ್‌ನಲ್ಲಿ ಬಬಲೇಶ್ವರ ತಾಲ್ಲೂಕಿನ ನಂದಿ ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ಸ್ಫೋಟಿಸಿ ಕಾರ್ಮಿಕರೊಬ್ಬರು ಅಸುನೀಗಿದ್ದರು. ಬಾಯ್ಲರಿಗಾದರೋ 1923ರಿಂದ ಪ್ರತ್ಯೇಕ ಕಾಯ್ದೆಯಿದೆ, ತಪಾಸಣೆಯಿದೆ. ಕಾಳಿನ ಘಟಕಕ್ಕೆ ಅಂಥ ಕಾಯ್ದೆಯೇ ಇಲ್ಲ. ತಿಕೋಟಾ ಕಡೆಯ ದ್ರಾಕ್ಷಿ ಪಡದಲ್ಲಿ ಮುಖಕ್ಕೊಂದು ವಸ್ತ್ರ ಸುತ್ತಿಕೊಂಡು ಔಷಧ ಹೊಡೆಯುವ ಕೂಲಿಯಾಳಂತೂ ಕಾರ್ಖಾನೆ ನಿರೀಕ್ಷಕರ ಕಣ್ಣಿಗೇ ಬೀಳುವುದಿಲ್ಲ.

ಜಿಲ್ಲೆಗೆ ಉದ್ದಿಮೆ ತರುವ ಬೃಹತ್ ಕೈಗಾರಿಕಾ ಸಚಿವರೂ ಉಸ್ತುವಾರಿ ಸಚಿವರೂ ಆಗ ಒಬ್ಬರೇ: ಬಬಲೇಶ್ವರದ ಶಾಸಕ ಎಂ.ಬಿ. ಪಾಟೀಲರು. ಪರಿಹಾರ ಘೋಷಣೆಗೆ ತಡವಾಗಲಿಲ್ಲ. ಆದರೆ ತಪಾಸಣೆಯ ಹೊಣೆ ಕಾರ್ಮಿಕ ಇಲಾಖೆಯದು. ಕಾರ್ಖಾನೆ ತರುವವರೊಬ್ಬರು, ಕಾಯುವವರು ಇನ್ನೊಬ್ಬರು. ಈ ಸಂದಿಯಲ್ಲೇ ಕೂಲಿಕಾರನ ಜೀವ ಹೋಗುತ್ತದೆ.

ಕಾನೂನೂ ಅವನ ಕಡೆ ಗಟ್ಟಿಯಾಗಿ ನಿಂತಿದ್ದಿಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲಿ ನಿಯಮ ಮುರಿದು ಸಾವು ಸಂಭವಿಸಿದರೂ ಕನಿಷ್ಠ ದಂಡ 25,000 ರೂಪಾಯಿ! ಒಂದು ಎತ್ತೂ ಬಾರದ ದುಡ್ಡು. 2025ರ ನವೆಂಬರ್ 21ರಂದು ಜಾರಿಯಾದ, ಕಾರ್ಮಿಕರ ಸುರಕ್ಷತೆಯ ಹೊಸ ಸಂಹಿತೆ ಅದನ್ನು ಐದು ಲಕ್ಷಕ್ಕೇರಿಸಿದೆ, ಸರಿ. ಆದರೆ ವಿದ್ಯುತ್ ಬಳಸುವ ಘಟಕ ಕಾರ್ಖಾನೆ ಎನಿಸಿಕೊಳ್ಳಲು 10ರ ಬದಲು 20 ಕಾರ್ಮಿಕರಿರಬೇಕೆಂದೂ ಅದೇ ಸಂಹಿತೆ ಹೇಳುತ್ತದೆ. ಹದಿನೈದು ಆಳಿನ ಬೇಳೆ ಮಿಲ್ಲಿನವರು ಯಾರನ್ನು ಕೇಳಬೇಕು?

ಗೋವಾಕ್ಕೆ, ಮಹಾರಾಷ್ಟ್ರಕ್ಕೆ ಗುಳೆ ಹೋಗುವವರ ಜಿಲ್ಲೆ ಇದು. ಪರಊರಲ್ಲಿ ಸತ್ತವನ ಮನೆಯವರು ಯಾರ ಬಾಗಿಲು ಬಡಿಯಬೇಕೆಂದು ತಿಳಿಯದೆ ನಿಲ್ಲುವುದನ್ನು ಇಲ್ಲಿನ ತಾಂಡಾಗಳು ಕಂಡಿವೆ. ಬಿಹಾರದ ಏಳು ಮನೆಗಳಿಗಾಗಿ ಇಲ್ಲಿ ಧರಣಿ ಕೂರುವ ಮತದಾರರಿಲ್ಲ ಎಂಬ ಧೈರ್ಯ ಆಡಳಿತಕ್ಕೆ ಬೇಡ.

ಜಿಲ್ಲೆಯ ಪ್ರತಿ ಕಾಳಿನ ಸಂಗ್ರಹ ಘಟಕವನ್ನೂ ಎಂಜಿನಿಯರರಿಂದ ಪರೀಕ್ಷಿಸಿ, ವರದಿಯನ್ನು ಕಾರ್ಖಾನೆಯ ಬಾಗಿಲಲ್ಲೇ ಕನ್ನಡದಲ್ಲೂ ಹಿಂದಿಯಲ್ಲೂ ಅಂಟಿಸಬೇಕು. ವರದಿ ಇಲ್ಲದ ಘಟಕಕ್ಕೆ ಬೀಗ ಹಾಕಬೇಕು.